ಟಾಪಿನ ಮೇಲೋ, ಡಿಕ್ಕಿಯ ಹಿಂದೋ?

ಭಾನುವಾರ ನಸುಕಿನಲ್ಲಿ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯ ಬದಿಗೆ ನಿಂತರೆ, ನಂದಿ ಬೆಟ್ಟದ ಕಡೆ ಓಡುವ ಕಾರುಗಳಲ್ಲಿ ಕೆಲವು ಸೈಕಲ್ಲುಗಳನ್ನು ಹೊತ್ತಿರುವುದು ಕಾಣುತ್ತದೆ. ಕೆಲವಕ್ಕೆ ನೆತ್ತಿಯ ಮೇಲೆ, ಕೆಲವಕ್ಕೆ ಬೆನ್ನಿಗೆ. 2008ರಲ್ಲಿ ಟೂರ್ ಆಫ್ ನೀಲಗಿರೀಸ್ ಶುರುವಾದ ಹೊತ್ತಿಗೆ ಬೆಂಗಳೂರಿನಲ್ಲಿ ಇದು ಅಪರೂಪದ ನೋಟ. ಈಗ ಗೇರ್ ಸೈಕಲ್ಲು ಇಟ್ಟುಕೊಂಡ ಮನೆಯಲ್ಲಿ ಇಂದಲ್ಲ ನಾಳೆ ಈ ಮಾತು ಬಂದೇ ಬರುತ್ತದೆ: ಯಾವ ರ‍್ಯಾಕ್ ಕೊಳ್ಳೋಣ?

ಬಳೇಪೇಟೆಯ ಒಂದು ವಾದ್ಯದ ಅಂಗಡಿಯಲ್ಲಿ ಅದೇ ಮಾತು ನಡೆದಿತ್ತು. ಯಜಮಾನರಿಗೆ ಎಪ್ಪತ್ತು ದಾಟಿದೆ. ವೀಣೆ, ತಂಬೂರಿ, ಹಾರ್ಮೋನಿಯಂಗಳನ್ನು ಹುಲ್ಲು ತುಂಬಿ, ಗೋಣಿ ಸುತ್ತಿ, ಲಾರಿ ಆಫೀಸಿಗೆ ಕಳಿಸಿ ಕಳಿಸಿ ಕೈ ಪಳಗಿದ ಮನುಷ್ಯ. ಎದುರಿಗೆ ಕೂತವನು ಅವರ ಅಕ್ಕನ ಮಗ, ಮಲ್ಲೇಶ್ವರದವನು. ಮನೆಯಲ್ಲಿ ಮೂರು ಸೈಕಲ್ಲು: ಅವನದೊಂದು ಕಾರ್ಬನ್ ಫ್ರೇಮಿನ ರೋಡ್ ಬೈಕು, ಹೆಂಡತಿಯದೊಂದು ಹೈಬ್ರಿಡ್, ಮಗಳದೊಂದು ಇಪ್ಪತ್ತು ಇಂಚಿನ ಪುಟ್ಟ ಸೈಕಲ್ಲು. ಕಾರು ಒಂದು ಸಣ್ಣ ಹ್ಯಾಚ್‌ಬ್ಯಾಕ್.

ಮಾವ: ಮೊದಲು ಇದನ್ನ ಹೇಳು. ಸೈಕಲ್ಲು ಇರೋದು ನಿನ್ನನ್ನ ಹೊರೋಕೆ. ಅದನ್ನೇ ಇನ್ನೊಂದು ಗಾಡಿ ಮೇಲೆ ಹೊರಿಸೋದು ಯಾಕೆ?

ಅಳಿಯ: ನಂದಿ ಇಲ್ಲಿಂದ ಹತ್ತಿರ ಹತ್ತಿರ ಅರವತ್ತು ಕಿಲೋಮೀಟರು, ಮಾವ. ಬೆಟ್ಟದ ಏರು ಇರೋದು ಏಳೆಂಟು ಕಿಲೋಮೀಟರು, ನಮಗೆ ಬೇಕಾಗಿರೋದು ಅದು. ಆ ಏರಿಗೋಸ್ಕರ ಕತ್ತಲಲ್ಲಿ ಏರ್‌ಪೋರ್ಟ್ ಕ್ಯಾಬು, ಟಿಪ್ಪರು, ಲಾರಿಗಳ ಮಧ್ಯೆ ಐವತ್ತು ಕಿಲೋಮೀಟರು ತುಳೀಬೇಕು. ನಾನೊಬ್ಬನೇ ಆದ್ರೆ ತುಳಿದೇನು. ಹತ್ತು ವರ್ಷದ ಮಗಳನ್ನ ಕರ್ಕೊಂಡು ಹೋಗ್ಲಾ?

ಮಾವ: ಹಿಂದೆ ಎಚ್‌ಎಎಲ್, ಐಟಿಐ, ಬಿಇಎಲ್ ಕಾರ್ಖಾನೆಗಳ ಶಿಫ್ಟ್ ಬಿಟ್ಟಾಗ ರಸ್ತೆ ತುಂಬ ಸೈಕಲ್ಲೇ ಇರ್ತಿತ್ತು ಕಣೋ. ಸೈಕಲ್ಲಿಗೆ ಕಾರ್ಪೊರೇಷನ್ನಿನ ಬಿಲ್ಲೆ, ರಾತ್ರಿ ಡೈನಮೋ ಲೈಟು, ಡಬಲ್ಸ್ ಹೋದ್ರೆ ಪೊಲೀಸಿನವನ ಕೂಗು. ಅಂದ್ರೆ ರಸ್ತೆ ಮೇಲೆ ಸೈಕಲ್ಲಿಗೂ ಒಂದು ಲೆಕ್ಕ ಇತ್ತು. ನೀವು ಅದನ್ನ ಕಾರಿಗೆ ಕಟ್ಟಿ ಸಾಗಿಸಿದಷ್ಟೂ ಆ ಲೆಕ್ಕ ಅಳಿಸಿ ಹೋಗುತ್ತೆ.

ಅಳಿಯ: ಅಳಿಸಿದ್ದು ನಾವಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇ ನೋಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಯಾವುದೂ ಬರೋ ಹಾಗಿಲ್ಲ. ಎಂಜಿನ್ ಇಲ್ಲದ ಗಾಡಿನೂ ಬರೋ ಹಾಗಿಲ್ಲ, ಅಂದ್ರೆ ಸೈಕಲ್ಲೂ ಇಲ್ಲ. ಸರ್ವಿಸ್ ರಸ್ತೆ ಹಿಡೀಬೇಕು. ಮುಖ್ಯ ರಸ್ತೆಯಲ್ಲಿ ನನ್ನ ಸೈಕಲ್ಲು ಮೈಸೂರಿಗೆ ಹೋಗ್ಬೇಕು ಅಂದ್ರೆ ಕಾರಿನ ಮೇಲೆ ಕೂತೇ ಹೋಗ್ಬೇಕು.

ಮಾವ: ಆಯ್ತು. ನಂದಿಗೆ ರೈಲಿದೆಯಲ್ಲ? ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಲೈನಲ್ಲಿ ನಂದಿ ಹಾಲ್ಟ್ ಅಂತ ಸ್ಟೇಷನ್ನೇ ಇದೆ.

ಅಳಿಯ: ಇದೆ. ಆದ್ರೆ ಬಿಸಿಲೇರೋ ಮುಂಚೆ ಬೆಟ್ಟ ಹತ್ತಿ ಇಳೀಬೇಕು ಅನ್ನೋರಿಗೆ ರೈಲಿನ ಸಮಯ ಹೊಂದಿ ಬರಬೇಕಲ್ಲ. ಮೆಟ್ರೋದಲ್ಲಿ 2020ರ ನವೆಂಬರ್‌ನಿಂದ ಮಡಚೋ ಸೈಕಲ್ಲಿಗೆ ಮಾತ್ರ ಒಪ್ಪಿಗೆ. ಬಿಎಂಟಿಸಿಯೋರು 2021ರಲ್ಲಿ ಕೆಲವು ಬಸ್ಸುಗಳ ಮುಂದೆ ಎರಡೆರಡು ಸೈಕಲ್ಲು ಹಿಡಿಯೋ ರ‍್ಯಾಕ್ ಹಾಕಿಸಿದ್ರು. ಎಲ್ಲಾ ಬಸ್ಸಿಗೂ ಅದು ಬಂದಿದ್ರೆ ನಾನು ಇವತ್ತು ನಿಮ್ಮ ಮುಂದೆ ಕೂತಿರ್ತಿರಲಿಲ್ಲ.

ಇಲ್ಲಿ ಹಿರಿಯರು ಸುಮ್ಮನಾದರು. ಬಸ್ಸಿನ ಮೂತಿಗೆ ರ‍್ಯಾಕ್ ಹಾಕುವುದು ಹೊಸ ಪ್ರಯೋಗವೇನಲ್ಲ. ಅಮೆರಿಕದ ಸಿಯಾಟಲ್ ನಗರದ ಬಸ್ಸುಗಳಲ್ಲಿ 1990ರ ದಶಕದಿಂದ ಅದು ದಿನನಿತ್ಯದ ಬಳಕೆಯಲ್ಲಿದೆ. ಚಾಲಕನ ಕಣ್ಣೆದುರಿಗೇ ಸೈಕಲ್ಲು ಇರುತ್ತದೆ, ಹತ್ತಿಸಿ ಇಳಿಸುವುದು ಅರೆ ನಿಮಿಷದ ಕೆಲಸ. ಬೆಂಗಳೂರಿನಲ್ಲಿ ಆ ವ್ಯವಸ್ಥೆ ಊರಿಡೀ ಹಬ್ಬದೆ ಹೋದದ್ದರ ಭಾರವನ್ನು ಈಗ ಒಂದೊಂದು ಮನೆಯೂ ತನ್ನ ತನ್ನ ಕಾರಿನ ಮೇಲೆ ಹೊರುತ್ತಿದೆ. ರ‍್ಯಾಕ್ ಆರಿಸುವ ಮುನ್ನ ನೆನಪಿಡಬೇಕಾದ ಸಂಗತಿ ಇದು.

ಮಾವ: ಸರಿ, ಕಟ್ಟಲೇಬೇಕು ಅಂತಿಟ್ಕೊಳೋಣ. ಎಲ್ಲಿ ಕಟ್ತೀಯ?

ಅಳಿಯ: ನನ್ನ ಮನಸ್ಸು ಟಾಪಿನ ಮೇಲಿದೆ. ಎರಡು ಅಡ್ಡಪಟ್ಟಿ, ಅದರ ಮೇಲೆ ಒಂದೊಂದು ಸೈಕಲ್ಲಿಗೆ ಒಂದೊಂದು ಹಳಿ. ಡಿಕ್ಕಿ ಸಲೀಸಾಗಿ ತೆಗೀಬಹುದು, ಹಿಂದಿನ ಗಾಜು ಮುಚ್ಚಲ್ಲ, ನಂಬರ್ ಪ್ಲೇಟೂ ಲೈಟೂ ಕಾಣುತ್ತೆ. ಸೈಕಲ್ಲುಗಳು ಒಂದಕ್ಕೊಂದು ತಾಗಲ್ಲ. ಒಳ್ಳೇ ಕಂಪನಿ ಹಳಿಗೆ ಬೀಗನೂ ಇರುತ್ತೆ.

ಮಾವ: ನಿನ್ನ ಕಾರಿನ ಟಾಪು ಎಷ್ಟು ತೂಕ ತಡೆಯುತ್ತೆ?

ಅಳಿಯ: ಟಾಪು ಗಟ್ಟಿಯಾಗೇ ಇದೆ.

ಮಾವ: ಗಟ್ಟಿ ಅನ್ನೋದು ತೂಕ ಅಲ್ಲ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರ್ತಾರೆ, ಹುಡುಕು.

ಹುಡುಗ ಫೋನಿನಲ್ಲಿದ್ದ ಕೈಪಿಡಿಯನ್ನು ತೆರೆದ. ಐವತ್ತು ಕಿಲೋ ಎಂದಿತ್ತು. ಸಣ್ಣ ಕಾರುಗಳಿಗೆ ಈ ಮಿತಿ ಸಾಮಾನ್ಯ. ದೊಡ್ಡ ಗಾಡಿಗಳಲ್ಲಿ ಎಪ್ಪತ್ತೈದು, ನೂರು ಕಿಲೋವರೆಗೂ ಇರುವುದುಂಟು. ಹಿರಿಯರು ಬಿಲ್ ಪುಸ್ತಕದ ಹಿಂಬದಿಯಲ್ಲಿ ಕೂಡಿಸುತ್ತಾ ಹೋದರು. ಅಡ್ಡಪಟ್ಟಿ, ಅದರ ಕಾಲು ಎಲ್ಲ ಸೇರಿ ಐದು ಕಿಲೋ. ಹಳಿ ಒಂದಕ್ಕೆ ನಾಲ್ಕರಂತೆ ಮೂರಕ್ಕೆ ಹನ್ನೆರಡು. ರೋಡ್ ಬೈಕು ಒಂಬತ್ತು, ಹೈಬ್ರಿಡ್ ಹದಿಮೂರು, ಮಗಳ ಸೈಕಲ್ಲು ಹತ್ತು. ಒಟ್ಟು ನಲವತ್ತೊಂಬತ್ತು.

ಅಳಿಯ: ನೋಡಿ, ಮಿತಿಯೊಳಗೇ ಇದೆ!

ಮಾವ: ಒಂದು ಕಿಲೋ ಒಳಗಿದೆ. ನಾಳೆ ಮಗಳಿಗೆ ದೊಡ್ಡ ಸೈಕಲ್ಲು ತಂದ್ರೆ? ಬ್ಯಾಟರಿ ಸೈಕಲ್ಲು ತಂದ್ರೆ ಅದೊಂದೇ ಇಪ್ಪತ್ತು ಕಿಲೋ ದಾಟುತ್ತೆ. ಇನ್ನೊಂದು ಮಾತು. ಆ ಐವತ್ತು ಕಿಲೋ ಎಲ್ಲಾ ಎತ್ತರದಲ್ಲಿ ಕೂತಿರುತ್ತೆ. ತಿರುವಲ್ಲಿ ಕಾರು ವಾಲುತ್ತೆ, ತಟ್ಟನೆ ಬ್ರೇಕ್ ಹಾಕಿದ್ರೆ ಮುಂದಕ್ಕೆ ಎಳೆಯುತ್ತೆ. ವೀಣೆ ಪೆಟ್ಟಿಗೆ ಕಟ್ಟುವಾಗ ನಾವು ತೂಕಕ್ಕಿಂತ ಹೆಚ್ಚು ಹೆದರೋದು ಅಲುಗಾಟಕ್ಕೆ. ಭಾರ ಒಂದು ಸಲ ಒತ್ತುತ್ತೆ. ಅಲುಗಾಟ ಇಲ್ಲಿಂದ ಧಾರವಾಡದ ತನಕ ಒಂದೇ ಸಮ ತಿನ್ನುತ್ತೆ.

ಅಳಿಯ: ಅದಕ್ಕೇ ನಾನು ಪರೀಕ್ಷೆ ಆಗಿರೋ ಮಾಲು ಕೇಳ್ತಿರೋದು. ಟಾಪಿನ ರ‍್ಯಾಕಿಗೆ ಐಎಸ್‌ಓ 11154 ಅಂತ ಒಂದು ಮಾನದಂಡ ಇದೆ. ಥೂಲೆ ಥರದ ಕಂಪನಿಗಳು ಇದೇ ಕೆಲಸ ದಶಕಗಳಿಂದ ಮಾಡ್ಕೊಂಡು ಬಂದಿವೆ. ಸ್ವೀಡನ್ನಿನ ಎರಿಕ್ ಥುಲಿನ್ ಅನ್ನೋರು 1942ರಲ್ಲಿ ಆ ಹೆಸರು ಹಾಕಿ ಮೊದಲು ಮಾರಿದ್ದು ಮೀನು ಹಿಡಿಯೋ ಬೋನು. ಕಾರಿನ ಸಾಮಾನಿಗೆ ಬಂದಿದ್ದು 1960ರ ದಶಕದಲ್ಲಿ.

ಮಾವ: ಬೆಲೆ?

ಅಳಿಯ: ಕಾಲು, ಪಟ್ಟಿ, ಹಳಿ ಎಲ್ಲಾ ಸೇರಿಸಿದ್ರೆ ಅರ್ಧ ಲಕ್ಷ ದಾಟುತ್ತೆ.

ಮಾವ: ಅಷ್ಟು ದುಡ್ಡಿಗೆ ಜೆ.ಸಿ. ರಸ್ತೆಯಲ್ಲಿ ಕಬ್ಬಿಣದ ಪೈಪು ಬೆಸೆದು ಹತ್ತು ಕ್ಯಾರಿಯರ್ ಮಾಡಿಕೊಡ್ತಾರೆ.

ಆ ಹೊತ್ತಿಗೆ ಜೆ.ಸಿ. ರಸ್ತೆಯವನೇ ಒಬ್ಬ ಅಂಗಡಿ ಮೆಟ್ಟಿಲಲ್ಲಿ ಬಂದು ಕೂತಿದ್ದ. ಕಾರಿನ ಬಿಡಿಭಾಗಗಳ ಆ ರಸ್ತೆ ಬಳೇಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರ. ಮೂವತ್ತು ವರ್ಷದಿಂದ ಅಲ್ಲಿ ಕ್ಯಾರಿಯರ್, ಸೀಟ್ ಕವರ್ ಹಾಕುತ್ತಿರುವ ಫಿಟ್ಟರು. ತನ್ನ ಮಗಳ ಹಾರ್ಮೋನಿಯಂ ರಿಪೇರಿಗೆ ಕೊಟ್ಟಿದ್ದವನು ಅದನ್ನು ಒಯ್ಯಲು ಬಂದಿದ್ದ. ತನ್ನ ಕಸುಬಿನ ಮಾತು ಕೇಳಿ ಕಾಫಿ ಲೋಟ ಕೆಳಗಿಟ್ಟ.

ಫಿಟ್ಟರು: ಯಜಮಾನ್ರೇ, ಬೆಸೆದು ಕೊಡ್ತೀವಿ, ಬೇಡ ಅನ್ನಲ್ಲ. ಆದ್ರೆ ಎಲ್ಲಿಗೆ ಕಚ್ಚಿಸೋದು? ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಟಾಪಿನ ಅಂಚಿಗೆ ಮಳೆನೀರಿನ ತೋಡು ಇರ್ತಿತ್ತು. ಅದಕ್ಕೆ ಕ್ಯಾರಿಯರ್ ಕೊಕ್ಕೆ ಹಾಕಿ ಬೋಲ್ಟು ಬಿಗಿದ್ರೆ ಆನೆ ಕೂತ್ರೂ ಅಲುಗ್ತಿರಲಿಲ್ಲ. ಈಗಿನ ಕಾರಿಗೆ ಆ ತೋಡೇ ಇಲ್ಲ.

ಅಳಿಯ: ನನ್ನ ಕಾರಿಗೆ ಟಾಪಿನ ಎರಡೂ ಕಡೆ ಉದ್ದಕ್ಕೆ ರೈಲಿದೆಯಲ್ಲ.

ಫಿಟ್ಟರು: ಸರ್, ಅದನ್ನ ಒಂದು ಸಲ ಬೆರಳಲ್ಲಿ ತಟ್ಟಿ ನೋಡಿ. ಎಷ್ಟೋ ಕಾರಲ್ಲಿ ಅದು ಪ್ಲಾಸ್ಟಿಕ್ಕು, ಅಂದಕ್ಕೆ ಅಂಟಿಸಿರ್ತಾರೆ. ನಿಜವಾಗಿ ಭಾರ ಹೊರೋ ರೈಲು ಲೋಹದ್ದಿರುತ್ತೆ, ಬಾಡಿಗೆ ಬೋಲ್ಟಲ್ಲಿ ಕೂತಿರುತ್ತೆ, ಎಷ್ಟು ಕಿಲೋ ಅಂತ ಕೈಪಿಡಿಯಲ್ಲಿ ಹೇಳಿರ್ತಾರೆ. ಹೇಳಿಲ್ಲ ಅಂದ್ರೆ ಅದು ಅಲಂಕಾರ ಅಂತಲೇ ತಿಳ್ಕೊಳ್ಳಿ. ಆಗ ಬಾಗಿಲ ಚೌಕಟ್ಟಿಗೆ ಕಚ್ಚೋ ಕ್ಲಿಪ್ಪು ತಗೋಬೇಕು, ಅದು ನಿಮ್ಮ ಕಾರಿನ ಅಳತೆಗೇ ಬಂದಿರಬೇಕು. ಸುಮಾರಾಗಿ ಕೂರುತ್ತೆ ಅನ್ನೋದನ್ನ ಹಾಕ್ಸಬೇಡಿ. ಕಬ್ಬಿಣದ ಕ್ಯಾರಿಯರ್ ಕಥೆ ಇನ್ನೊಂದು, ಅದರ ತೂಕಕ್ಕೇ ನಿಮ್ಮ ಐವತ್ತು ಕಿಲೋದಲ್ಲಿ ದೊಡ್ಡ ಪಾಲು ಹೋಗುತ್ತೆ.

ತಾನು ಮಾಡಿಕೊಡಬಹುದಾಗಿದ್ದ ಕೆಲಸವನ್ನು ಬೇಡವೆಂದ ಫಿಟ್ಟರನ ಮಾತಿಗೆ ಹೆಚ್ಚಿನ ತೂಕವಿದೆ. ರ‍್ಯಾಕ್ ಕೊಳ್ಳುವವರು ಸಾಮಾನ್ಯವಾಗಿ ರ‍್ಯಾಕನ್ನು ನೋಡುತ್ತಾರೆ. ಅದು ಕಚ್ಚುವ ಜಾಗವನ್ನು ನೋಡುವವರು ಕಡಿಮೆ.

ಮಾವ: ತೂಕ, ಕ್ಲಿಪ್ಪು ಎಲ್ಲಾ ಸರಿಹೋಯ್ತು ಅಂತಲೇ ಇಟ್ಕೊ. ಎತ್ತರ?

ಅಳಿಯ: ಕಾರು ಐದಡಿ ಚಿಲ್ಲರೆ. ಮೇಲೆ ಪಟ್ಟಿ, ಸೈಕಲ್ಲು ಸೇರಿ ಎಂಟೂವರೆ ಅಡಿ ಮುಟ್ಟುತ್ತೆ.

ಮಾವ: ನಿಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಬಾಗಿಲಲ್ಲಿ ಏನು ಬರೆದಿದೆ?

ಅಳಿಯ: 2.1 ಮೀಟರ್.

ಮಾವ: ಏಳಡಿ ಆಗ್ಲಿಲ್ಲ. ಬೆಟ್ಟ ಹತ್ತಿ, ಸುಸ್ತಾಗಿ, ಬಿಸಿಲಲ್ಲಿ ಮನೆಗೆ ಬರ್ತೀಯ. ತಲೆ ಮೇಲೆ ಸೈಕಲ್ಲಿದೆ ಅನ್ನೋದು ಮರ್ತುಹೋಗಿರುತ್ತೆ. ದಿನಾ ಇಳಿಯೋ ಹಾಗೆ ಸೀದಾ ಬೇಸ್‌ಮೆಂಟಿಗೆ ಇಳೀತೀಯ.

ಟಾಪಿನ ರ‍್ಯಾಕ್ ಇಟ್ಟುಕೊಂಡವರೆಲ್ಲ ಒಳಗೊಳಗೇ ಹೆದರುವ ಗಳಿಗೆ ಇದು. ಒಡೆಯುವುದು ಸೈಕಲ್ಲು ಮಾತ್ರವಲ್ಲ. ಪಟ್ಟಿ ಕಿತ್ತು, ಟಾಪು ಬಾಗಿ, ಗಾಜು ಸೀಳುತ್ತದೆ. ಸ್ಟೇರಿಂಗಿನ ಮೇಲೆ ಚೀಟಿ ಅಂಟಿಸುವುದು, ಹೊರಡುವಾಗಲೇ ಬೇಸ್‌ಮೆಂಟಿನ ಬಾಯಿಗೆ ಒಂದು ಬಕೆಟ್ ಅಡ್ಡ ಇಟ್ಟು ಹೋಗುವುದು ಇಂಥ ಉಪಾಯಗಳನ್ನು ಸೈಕಲ್ ಸವಾರರು ಕಂಡುಕೊಂಡಿದ್ದಾರೆ. ಹಳೆಯ ಬೆಂಗಳೂರಿನಲ್ಲಿ ಇದಕ್ಕೆ ಇನ್ನೆರಡು ತೊಡಕು ಸೇರುತ್ತವೆ. ಮಲ್ಲೇಶ್ವರ, ಬಸವನಗುಡಿಯ ಅಡ್ಡರಸ್ತೆಗಳಲ್ಲಿ ಮರದ ಕೊಂಬೆಗಳು ತಗ್ಗಾಗಿ ಬಾಗಿರುತ್ತವೆ. ಕಂಬದಿಂದ ಕಂಬಕ್ಕೆ ಎಳೆದ ಇಂಟರ್ನೆಟ್ ಕೇಬಲ್ಲುಗಳು ಒಂದೊಂದು ಕಡೆ ಎಂಟು ಒಂಬತ್ತು ಅಡಿಗೇ ಜೋತಾಡುತ್ತವೆ. ಕಾರು ಅದರಡಿ ಸಲೀಸಾಗಿ ನುಸುಳುತ್ತದೆ. ಮೇಲೆ ನಿಂತ ಹ್ಯಾಂಡಲ್ಲು ನುಸುಳುವುದಿಲ್ಲ.

ಅಳಿಯ: ಬೆಂಗಳೂರಿನ ಗಲ್ಲಿಗೆ ಅದು ನಿಜ, ಒಪ್ತೀನಿ. ಆದ್ರೆ ಸಕಲೇಶಪುರಕ್ಕೋ ಕುದುರೆಮುಖಕ್ಕೋ ಹೋಗೋ ದಿನ ಟಾಪಿನ ಮೇಲಿರೋದೇ ನೆಮ್ಮದಿ. ಹೆದ್ದಾರಿಯಲ್ಲಿ ಯಾರೋ ಹಿಂದಿನಿಂದ ಬಂದು ಗುದ್ದಿದ್ರೆ, ಬೆನ್ನಿಗೆ ಕಟ್ಟಿದ ಸೈಕಲ್ಲೇ ಮೊದಲು ಹೋಗೋದು.

ಮಾವ: ಗಾಳಿ ಲೆಕ್ಕ ಹಾಕಿದ್ಯಾ? ಪೆಟ್ರೋಲ್ ಕುಡಿಯುತ್ತೆ.

ಅಳಿಯ: ಕುಡಿಯುತ್ತೆ. 2016ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದರ ಬಗ್ಗೆನೇ ಒಂದು ಅಧ್ಯಯನ ಮಾಡಿದ್ರು. ಟಾಪಿನ ರ‍್ಯಾಕುಗಳಿಂದ ಆ ದೇಶದಲ್ಲಿ ವರ್ಷಕ್ಕೆ ಹತ್ತು ಕೋಟಿ ಗ್ಯಾಲನ್ ಪೆಟ್ರೋಲ್ ಹೆಚ್ಚಿಗೆ ಖರ್ಚಾಗುತ್ತೆ ಅಂತ ಅಂದಾಜು ಮಾಡಿದ್ರು. ಅದರಲ್ಲಿ ಖಾಲಿ ರ‍್ಯಾಕ್ ಹೊತ್ತು ಓಡಾಡೋ ಗಾಡಿಗಳ ಪಾಲೂ ಇದೆ. ವಾರಪೂರ್ತಿ ಬಿಚ್ಚದೆ ಬಿಟ್ರೆ ತಾನೇ ಅದು?

ಮಾವ: ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡೋ ಅವಸರದಲ್ಲಿ ಬಿಚ್ತೀಯಾ? ಅಡ್ಡಪಟ್ಟಿ ಒಂದು ಸಲ ಕೂರ್ಸಿದ ಮೇಲೆ ಯಾರೂ ಬಿಚ್ಚಲ್ಲ. ಡಿಕ್ಕಿಗೆ ಕಟ್ಟೋದಾದ್ರೆ ಮನೆಗೆ ಬಂದ ತಕ್ಷಣ ತೆಗೀಲೇಬೇಕು, ಇಲ್ಲಾಂದ್ರೆ ಡಿಕ್ಕಿನೇ ತೆಗೆಯೋಕಾಗಲ್ಲ.

ಹೀಗೆ ಮಾತು ತಾನಾಗಿ ಕಾರಿನ ಬೆನ್ನಿಗೆ ಹೊರಳಿತು. ಡಿಕ್ಕಿ ಬಾಗಿಲಿನ ಮೇಲಂಚು, ಪಕ್ಕ, ಕೆಳಗೆ ಕೊಕ್ಕೆ ಸಿಕ್ಕಿಸಿ, ನೈಲಾನ್ ಪಟ್ಟಿಗಳನ್ನು ಬಿಗಿದು, ಹಿಂದಕ್ಕೆ ಚಾಚಿದ ಎರಡು ತೋಳಿನ ಮೇಲೆ ಸೈಕಲ್ಲುಗಳನ್ನು ನೇತುಹಾಕುವ ಬಗೆ ಇದು. ಅಗ್ಗ, ಹಗುರ, ಎತ್ತುವ ಕಷ್ಟವಿಲ್ಲ. ಬೆಂಗಳೂರಿನಲ್ಲಿ ಹೆಚ್ಚು ಕಾಣುವುದೂ ಇದೇ.

ಫಿಟ್ಟರು: ಇದಕ್ಕೂ ನಾನು ಮೊದಲು ನೋಡೋದು ಕೊಕ್ಕೆ ಜಾಗಾನೇ. ಮೇಲಿನ ಕೊಕ್ಕೆ ಕೂರೋ ಕಡೆ ಪ್ಲಾಸ್ಟಿಕ್ ಸ್ಪಾಯ್ಲರ್ ಇದ್ರೆ ಬೇಡವೇ ಬೇಡ, ಹಂಪಲ್ಲಿ ಒಂದು ಸಲ ಎಗರಿದ್ರೆ ಸೀಳುತ್ತೆ. ಗಾಜಿನ ಅಂಚಿಗೆ ಕೊಕ್ಕೆ ಕೂರಿಸಬಾರದು. ಕೆಳಗೆ ಸೈಲೆನ್ಸರ್ ಬಾಯಿ ಯಾವ ಕಡೆ ಇದೆ ನೋಡ್ಬೇಕು. ಚಕ್ರ ಅದರ ನೇರಕ್ಕೆ ಬಂದ್ರೆ ಬಿಸಿ ಹೊಗೆಗೆ ಟೈರು ಬೇಯುತ್ತೆ.

ಅಳಿಯ: ಪೇಂಟು?

ಫಿಟ್ಟರು: ಪ್ಯಾಡು ಪೇಂಟನ್ನ ಕೆರೆಯಲ್ಲ, ಮಧ್ಯೆ ಸಿಕ್ಕಿದ ಧೂಳು ಕೆರೆಯುತ್ತೆ. ಕಟ್ಟೋ ಮುಂಚೆ ಒದ್ದೆ ಬಟ್ಟೆಯಲ್ಲಿ ಎರಡನ್ನೂ ಒರೆಸಬೇಕು. ಆಮೇಲೆ ಪಟ್ಟಿ ಬಿಗಿದು, ಉಳಿದ ತುದಿನ ಸುತ್ತಿ ಗಂಟು ಹಾಕಬೇಕು. ಬಿಟ್ರೆ ದಾರಿಯುದ್ದಕ್ಕೂ ಪಟಪಟ ಬಡಿಯುತ್ತೆ. ಹತ್ತು ಕಿಲೋಮೀಟರು ಹೋಗಿ ನಿಲ್ಲಿಸಿ ಮತ್ತೆ ಎಳೀಬೇಕು, ಹೊಸ ಪಟ್ಟಿ ಮೊದಲ ಹಂಪುಗಳಲ್ಲಿ ಸಡಿಲ ಆಗೇ ಆಗುತ್ತೆ. ಬಿಸಿಲಲ್ಲಿ ಬಿಟ್ಟು ಬಿಟ್ಟು ಬಣ್ಣ ಮಾಸಿದ ಪಟ್ಟಿ ಇದ್ರೆ ಎಸೆದುಬಿಡಿ.

ಮಾವ: ನೇತಾಡೋ ಸೈಕಲ್ಲುಗಳು ಒಂದರ ಮೇಲೊಂದು ಒರಗಲ್ವಾ?

ಅಳಿಯ: ಒರಗುತ್ತೆ. ಹೆಂಡತಿ ಸೈಕಲ್ಲಿನ ಪೆಡಲ್ಲು ನನ್ನ ಫ್ರೇಮಿಗೆ ತಾಗುತ್ತೆ.

ಮಾವ: ತಂಬೂರಿ ಕಾಯಿಗೂ ದಂಡಿಗೂ ಸಂಧಿಯಲ್ಲಿ ನಾನು ಹತ್ತಿ ಒತ್ತೋದು ಅದಕ್ಕೇ. ಏಸಿ ಪೈಪಿಗೆ ಸುತ್ತೋ ಕಪ್ಪು ಫೋಮು ಪೇಟೆಯಲ್ಲೇ ಸಿಗುತ್ತೆ, ಎರಡು ಅಡಿ ತಂದು ಫ್ರೇಮಿಗೆ ತೊಡಿಸು. ಒಂದರ ಹ್ಯಾಂಡಲ್ಲು ಎಡಕ್ಕಿದ್ರೆ ಇನ್ನೊಂದರದ್ದು ಬಲಕ್ಕೆ ಬರಲಿ. ಮುಂಚಕ್ರ ತಿರುಗದ ಹಾಗೆ ಫ್ರೇಮಿಗೆ ಕಟ್ಟು. ಹಳೇ ಟ್ಯೂಬು ಸೀಳಿ ಕಟ್ಟಿದ್ರೆ ಹಗ್ಗಕ್ಕಿಂತ ಚೆನ್ನಾಗಿ ಹಿಡಿಯುತ್ತೆ. ಬಳೆ ಪೆಟ್ಟಿಗೆ ಸೈಕಲ್ ಕ್ಯಾರಿಯರ್ ಮೇಲೆ ಕಟ್ಟಿ ಹಳ್ಳಿ ಸಂತೆಗೆ ಒಯ್ಯೋರು ಬಳಸ್ತಿದ್ದದ್ದು ಅದನ್ನೇ, ಒಂದು ಗಾಜಿನ ಬಳೆ ಒಡೀತಿರಲಿಲ್ಲ.

ಅಳಿಯ: ಟ್ಯೂಬನ್ನ ಎರಡನೇ ಕಟ್ಟಾಗಿ ಹಾಕ್ತೀನಿ, ಮೊದಲನೇದಾಗಿ ಅಲ್ಲ. ನನ್ನ ನಿಜವಾದ ತಾಪತ್ರಯ ಬೇರೆ. ನನ್ನದು ಕಾರ್ಬನ್ ಫ್ರೇಮು. ಮೇಲಿನ ಪೈಪಿಗೆ ಬಿಗಿಯೋ ಹಿಡಿ ಹಾಕಿದ್ರೆ ಒಳಗೆ ಬಿರುಕು ಬಿಡಬಹುದು. ಹೊರಗೆ ಕಾಣೋದೂ ಇಲ್ಲ, ಇಳಿಜಾರಲ್ಲಿ ಗೊತ್ತಾಗುತ್ತೆ. ಅದಕ್ಕೇ ಟಾಪಿನ ಹಳಿ ಅಂದದ್ದು: ಮುಂದಿನ ಚಕ್ರ ಕಳಚಿ ಫೋರ್ಕನ್ನ ಹಿಡಿಯೋದು, ಇಲ್ಲವೇ ಚಕ್ರಗಳನ್ನ ಮಾತ್ರ ಹಿಡಿಯೋದು. ಫ್ರೇಮು ಮುಟ್ಟೋ ಹಾಗೇ ಇಲ್ಲ.

ಮಾವ: ಫೋರ್ಕು ಎಲ್ಲಾ ಸೈಕಲ್ಲಿಗೂ ಒಂದೇ ಅಳತೆನಾ?

ಅಳಿಯ: ಅಲ್ಲ. ಹಳೇ ಬಗೆಯದಕ್ಕೆ ಕ್ವಿಕ್ ರಿಲೀಸ್, ಡಿಸ್ಕ್ ಬ್ರೇಕಿನ ಹೊಸ ಸೈಕಲ್ಲುಗಳಿಗೆ ಥ್ರೂ ಆಕ್ಸಲ್, ಅದರಲ್ಲೂ ಹನ್ನೆರಡು, ಹದಿನೈದು ಮಿಲಿಮೀಟರು ಅಂತ ಬೇರೆ ಬೇರೆ. ಅದಕ್ಕೆ ತಕ್ಕ ಅಡಾಪ್ಟರ್ ಇಲ್ಲಾಂದ್ರೆ ಹಳಿ ಇದ್ರೂ ಉಪಯೋಗ ಇಲ್ಲ.

ಮಾವ: ಅಂದ್ರೆ ನಿನ್ನ ಸೈಕಲ್ಲಿಗೆ ಟಾಪು ಬೇಕು, ಮಗಳದ್ದಕ್ಕೆ ಟಾಪು ದಂಡ. ಅವಳ ಸೈಕಲ್ಲಿನ ಮೇಲಿನ ಪೈಪು ಇಳಿಜಾರು, ಡಿಕ್ಕಿ ತೋಳಿನ ಮೇಲೂ ನೆಟ್ಟಗೆ ಕೂರಲ್ಲ. ಸೀಟಿನ ಕಂಬದಿಂದ ಹ್ಯಾಂಡಲ್ಲಿಗೆ ಒಂದು ಅಡ್ಡಸಲಾಕೆ ಹಾಕ್ಬೇಕು.

ಫಿಟ್ಟರು ಆಗ ಮೂರನೆಯ ದಾರಿ ಹೇಳಿದ: ಬಂಪರಿನ ಕೆಳಗೆ ಚಾಸಿಗೆ ಕೂರಿಸುವ ಹಿಚ್. ಯುರೋಪು, ಅಮೆರಿಕದಲ್ಲಿ ಗಂಭೀರವಾಗಿ ಸೈಕಲ್ ಸಾಗಿಸುವವರಿಗೆ ಇದೇ ಮೊದಲ ಆಯ್ಕೆ. ಸೈಕಲ್ಲುಗಳು ಚಕ್ರದ ಮೇಲೆ ನಿಲ್ಲುತ್ತವೆ, ಕಾರಿನ ಪೇಂಟಿಗೂ ತಾಗುವುದಿಲ್ಲ, ಭಾರದ ಬ್ಯಾಟರಿ ಸೈಕಲ್ಲನ್ನೂ ಸೊಂಟದ ಎತ್ತರಕ್ಕಷ್ಟೇ ಎತ್ತಿದರೆ ಸಾಕು. ಕಾರ್ಬನ್ ಫ್ರೇಮಿನವನ ಕಣ್ಣು ಅರಳಿತು. ಆದರೆ ಇಲ್ಲಿ ಕಾನೂನು ಅಡ್ಡ ಬರುತ್ತದೆ.

ಮಾವ: ಮುಂದಿನ ಬಂಪರಿಗೆ ಹಾಕಿಸೋ ಬುಲ್‌ಬಾರ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆದಾಗ ಎಷ್ಟು ಜನ ಬಿಚ್ಚಿಸಿದ್ರು ನೆನಪಿದೆಯಾ? ಕಂಪನಿ ಕೊಟ್ಟ ಗಾಡಿಯ ಮೂಲ ವಿವರ ಬದಲಾಗೋ ಹಾಗೆ ಮಾರ್ಪಾಡು ಮಾಡಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಚಾಸಿಗೆ ಕೂರಿಸಿದ ಹಿಚ್ಚನ್ನ ತನಿಖಾಧಿಕಾರಿ ಯಾವ ಕಣ್ಣಲ್ಲಿ ನೋಡ್ತಾರೋ.

ಅಳಿಯ: ಪಟ್ಟಿ ಬಿಗಿದು ಬಿಚ್ಚೋ ರ‍್ಯಾಕು ಮಾರ್ಪಾಡಲ್ಲ ಮಾವ. ಅದು ಸಾಮಾನು ಕಟ್ಟಿದ ಹಾಗೆ.

ಮಾವ: ಸಾಮಾನಿಗೂ ನಿಯಮ ಇದೆಯಲ್ಲ. ಮಿತಿ ಮೀರಿ ಪಕ್ಕಕ್ಕೋ ಹಿಂದಕ್ಕೋ ಚಾಚಿದ ಹೊರೆಗೆ 20,000 ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಲ್ಲಿ ಬಂತು. ಸೈಕಲ್ಲಿನ ಉದ್ದ ಐದೂಮುಕ್ಕಾಲು ಅಡಿ, ನಿನ್ನ ಕಾರಿನ ಅಗಲ ಎಷ್ಟು?

ಅಳಿಯ: ಹತ್ತಿರ ಹತ್ತಿರ ಅಷ್ಟೇ. ಮುಂದಿನ ಚಕ್ರ ಕಳಚಿದ್ರೆ ಒಳಗೇ ಬರುತ್ತೆ.

ಮಾವ: ಹಾಗಾದ್ರೆ ಕಳಚಲೇಬೇಕು. ಇನ್ನು ನಂಬರ್ ಪ್ಲೇಟು. ನೇತಾಡೋ ಸೈಕಲ್ಲು ಅದನ್ನ ಮುಚ್ಚುತ್ತೆ.

ಅಳಿಯ: ಯುರೋಪಲ್ಲಿ ರ‍್ಯಾಕಿಗೇ ಒಂದು ಹಲಗೆ ಕಟ್ತಾರೆ. ಅದರಲ್ಲಿ ಇನ್ನೊಂದು ನಂಬರ್ ಪ್ಲೇಟು, ಬ್ರೇಕ್ ಲೈಟು, ಇಂಡಿಕೇಟರ್ ಎಲ್ಲಾ ಇರುತ್ತೆ.

ಮಾವ: ನಮ್ಮದು ಎಚ್‌ಎಸ್‌ಆರ್‌ಪಿ, ಹೈ ಸೆಕ್ಯುರಿಟಿ ನಂಬರ್ ಪ್ಲೇಟು. ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದಲೇ ಕಡ್ಡಾಯ. ಹೊಲೊಗ್ರಾಮು, ಲೇಸರ್‌ನಲ್ಲಿ ಕೊರೆದ ಸಂಖ್ಯೆ, ಒಂದು ಸಲ ಬಡಿದ್ರೆ ಬಿಚ್ಚದ ಸ್ನ್ಯಾಪ್ ಲಾಕು. ಅದರದ್ದೇ ಇನ್ನೊಂದು ಪ್ರತಿ ಮಾಡಿಸಿ ಹಲಗೆಗೆ ಹಾಕ್ತೀನಿ ಅಂದ್ರೆ ಯಾರು ಕೊಡ್ತಾರೆ?

ಈ ಪ್ರಶ್ನೆಗೆ ಹುಡುಗನ ಬಳಿ ಉತ್ತರವಿರಲಿಲ್ಲ. ಹಿಂದೆ ಕಟ್ಟುವ ಬಗೆಯ ಅತಿ ದೊಡ್ಡ ಕೊರತೆ ಇದು; ದಂಡಕ್ಕಿಂತ ಮುಖ್ಯವಾಗಿ, ಬ್ರೇಕ್ ಲೈಟು ಕಾಣದ ಕಾರಿನ ಹಿಂದೆ ಬರುವವನ ಜೀವದ ಪ್ರಶ್ನೆಯೂ ಹೌದು. ತೋಳು ಎತ್ತರಕ್ಕಿರುವ ರ‍್ಯಾಕುಗಳಲ್ಲಿ ಸೈಕಲ್ಲು ಗಾಜಿನ ಮಟ್ಟಕ್ಕೆ ನಿಂತು ಪ್ಲೇಟೂ ಲೈಟೂ ಬಹುಪಾಲು ಕಾಣುತ್ತವೆ. ಅಂಥದ್ದನ್ನೇ ಹುಡುಕಬೇಕು. ಹಿಂದಿನ ಗಾಜಿನ ನೋಟ ಹೋಗುತ್ತದೆ, ಪಕ್ಕದ ಕನ್ನಡಿಗಳನ್ನೇ ನಂಬಬೇಕು. ರಿವರ್ಸ್ ಸೆನ್ಸರ್ ಸೈಕಲ್ಲನ್ನೇ ಗೋಡೆಯೆಂದು ತಿಳಿದು ಕೂಗುತ್ತಲೇ ಇರುತ್ತದೆ.

ಮಾವ: ಇಷ್ಟೆಲ್ಲಾ ಕೇಳಿದ ಮೇಲೆ ನನ್ನದೊಂದು ಮಾತು. ನಿನ್ನ ರೋಡ್ ಬೈಕಿನ ಎರಡೂ ಚಕ್ರ ಅರೆ ನಿಮಿಷದಲ್ಲಿ ಬರುತ್ತೆ ತಾನೆ? ಹಿಂದಿನ ಸೀಟು ಮಡಚಿ, ಹಳೇ ಜಮಖಾನ ಹಾಸಿ, ಒಳಗೇ ಮಲಗಿಸು. ರ‍್ಯಾಕೂ ಬೇಡ, ಬೀಗವೂ ಬೇಡ. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದ್ರೆ ಕಣ್ಣು ಕಾರಿನ ಮೇಲೇ ನೆಟ್ಟಿರಬೇಕಾಗಿಲ್ಲ.

ಅಳಿಯ: ಒಬ್ಬನೇ ಹೋಗೋ ದಿನ ಹಾಗೇ ಮಾಡ್ತೀನಿ. ಗೇರಿನ ಕಡೆ ಮೇಲಕ್ಕೆ ಬರೋ ಹಾಗೆ ಮಲಗಿಸ್ಬೇಕು, ಇಲ್ಲಾಂದ್ರೆ ಡಿರೇಲರ್ ಸಿಕ್ಕೋ ಕೊಂಡಿ ಬಾಗುತ್ತೆ. ಡಿಸ್ಕ್ ಬ್ರೇಕಿಗೆ ಚಕ್ರ ತೆಗೆದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿಸ್ಬೇಕು. ಮರೆತು ಲಿವರ್ ಒತ್ತಿದ್ರೆ ಪ್ಯಾಡುಗಳು ಒಂದಕ್ಕೊಂದು ಅಂಟ್ಕೊಂಡು ಚಕ್ರನೇ ಒಳಗೆ ಹೋಗಲ್ಲ. ಅದೆಲ್ಲಾ ಸರಿ. ಆದ್ರೆ ಸೀಟು ಮಡಚಿದ್ರೆ ಮಗಳು ಎಲ್ಲಿ ಕೂರ್ತಾಳೆ? ಮೂವರು ಹೋಗೋ ದಿನಕ್ಕಲ್ವಾ ನಾನು ರ‍್ಯಾಕ್ ಹುಡುಕ್ತಿರೋದು?

ಮಾವ: ಮೂವರೂ ಹೋಗೋ ದಿನ ತುರಹಳ್ಳಿಗೆ ಹೋಗಿ. ಕನಕಪುರ ರಸ್ತೆ ಕಡೆ, ಊರಂಚಲ್ಲೇ ಕಾಡಿದೆ. ಮೆಲ್ಲಗೆ ತುಳ್ಕೊಂಡೇ ಹೋಗಬಹುದು.

ಅಳಿಯ: ಕನಕಪುರ ರಸ್ತೆಯಲ್ಲಿ ಹತ್ತು ವರ್ಷದ ಹುಡುಗಿ ಮೆಲ್ಲಗೆ ತುಳಿಯೋದನ್ನ ಯಾರು ಬಿಡ್ತಾರೆ, ಹೇಳಿ. ಅವಳಿಗೆ ಬಸ್ಸಿನ ಹಾರನ್ನಿಲ್ಲದ ಒಂದು ರಸ್ತೆ ತೋರ್ಸಬೇಕು ಅನ್ನೋದೇ ನನ್ನಾಸೆ. ಅಲ್ಲಿ ತುಳಿದು ರುಚಿ ಹತ್ತಿದ್ರೆ, ಮುಂದೆ ಊರೊಳಗೂ ರಸ್ತೆ ಕೇಳೋಳು ಅವಳೇ.

ಹಿರಿಯರು ತಲೆಯಾಡಿಸಿದರು, ಒಪ್ಪಿದರೆಂದು ಹೇಳಲಾಗದು. ಬಿಲ್ ಪುಸ್ತಕದ ಹಾಳೆಯಲ್ಲಿ ಮತ್ತೆ ಕೂಡಿಸತೊಡಗಿದರು: ಡಿಕ್ಕಿ ರ‍್ಯಾಕಿನ ಮೇಲೆ ಹೈಬ್ರಿಡ್ ಒಂದನ್ನು ತೂಗುಹಾಕುವುದು, ಕಾರ್ಬನ್ ಸೈಕಲ್ಲನ್ನು ಒಳಗೆ ಮಲಗಿಸುವುದು, ಮಗಳದ್ದನ್ನು ಅದರ ಪಕ್ಕ.

ಮಾವ: ನಿನ್ನ ಹಿಂದಿನ ಸೀಟು ಎರಡು ಭಾಗವಾಗಿ ಮಡಚುತ್ತಾ? ಒಂದು ಕಡೆ ಮಡಚಿ, ಇನ್ನೊಂದು ಕಡೆ ಮಗು ಕೂರಬಹುದು.

ಅಳಿಯ: ಇಲ್ಲ. ನಮ್ಮದು ಒಂದೇ ಹಲಗೆ. ಮೇಲಿನ ಮಾಡೆಲ್‌ಗೆ ಮಾತ್ರ ಹಾಗೆ ಬರುತ್ತೆ.

ಫಿಟ್ಟರು: ಸರ್, ಶನಿವಾರ ಕಾರು, ಮೂರೂ ಸೈಕಲ್ಲು ತಗೊಂಡು ಬನ್ನಿ. ನನ್ನ ಹತ್ರ ಡಿಕ್ಕಿ ರ‍್ಯಾಕ್ ಒಂದಿದೆ, ಹಾಕಿ ನೋಡೋಣ. ಪ್ಲೇಟು ಕಾಣದೆ ಹೋದ್ರೆ ದುಡ್ಡು ಬೇಡ, ಹಾಗೇ ಹೋಗಿ.

ಅಳಿಯ: ಬರ್ತೀನಿ. ಟಾಪಿನ ಕ್ಲಿಪ್ಪೂ ತೆಗೆದಿಟ್ಟಿರಿ, ಎರಡನ್ನೂ ನೋಡಿಬಿಡೋಣ.

ಮಾವ: ನಾನೂ ಬರ್ತೀನಿ, ಟೇಪು ತಗೊಂಡು. ಮೊದಲು ನಿಮ್ಮ ಬೇಸ್‌ಮೆಂಟ್ ಬಾಗಿಲು ಅಳೆದು, ಆಮೇಲೆ ಜೆ.ಸಿ. ರಸ್ತೆಗೆ ಹೋಗೋಣ.